ಹಸಿರಮ್ಮಣ್ಣಿಯ ನಾಮಕರಣ

೩ ಮಾರ್ಚ್ ೨೦೨೫, ಸೋಮವಾರ

ಸ್ವಸ್ತಿ ಶ್ರೀ. ಗಾಜಿನ ತಟ್ಟೆಯ ಸಿಂಹಾಸನಾಧೀಶ್ವರರೂ, ಮೂಗು-ಶ್ವಾಸಕೋಶ-ಕಾಲ್ಬೆರಳ ಸಂದಿಗಳ ಏಕಚ್ಛತ್ರಾಧಿಪತಿಗಳೂ, ಆಂಟಿಬಯೋಟಿಕ್‌ಗೆ ಜಗ್ಗದ ಗಂಡುಗಲಿಗಳೂ ಆದ ಸಮಸ್ತ ಬೂಷ್ಟು ಮಹಾಪ್ರಭುಗಳ ಪಾದಾರವಿಂದಗಳಿಗೆ, ತುಮಕೂರಿನ ಲ್ಯಾಬ್ ಟೆಕ್ನಿಷಿಯನ್ ಕಿರಣ್‌ಕುಮಾರನ ಸಾಷ್ಟಾಂಗ ನಮಸ್ಕಾರಗಳು. (ಪಾದ ಇಲ್ಲ ನಿಮಗೆ. ಇದ್ದಿದ್ದರೆ ಅಂತ.)

ಇವತ್ತು ಹದಿನಾಲ್ಕು ಸ್ಯಾಂಪಲ್. ಒಂದು ಉಗುರಿನ ಬೂಷ್ಟಿಗೆ 'ಶ್ರೀಮಾನ್ ಉಗುರಪ್ಪನವರು' ಅಂತ ಚೀಟಿ ಅಂಟಿಸಿದ್ದೆ. ಸೀನಿಯರ್ ನರಸಯ್ಯ ಸರ್ ಕಣ್ಣಿಗೆ ಬಿತ್ತು.

"ಲೇ ಕಿರಣ, ಹೆಸರು ಹಾಕೋದು ಆಟ ಅಲ್ಲ ಕಣೋ. ಜಾತಿ ತಪ್ಪಿದ್ರೆ ಔಷಧಿ ತಪ್ತದೆ."

"ಅಪ್ಪಣೆ ಪ್ರಭು" ಅಂದೆ. ನಗಲಿಲ್ಲ. ಆ ಮನುಷ್ಯ ನಕ್ಕಿದ್ದನ್ನು ಈ ಎರಡು ವರ್ಷದಲ್ಲಿ ಕಂಡಿಲ್ಲ.

೮ ಮಾರ್ಚ್, ಶನಿವಾರ. ಮಧ್ಯಾಹ್ನ ೩

ಸರ್ ಯಾರದೋ ಮದುವೆಗೆ ಅಂತ ಕುಣಿಗಲ್‌ಗೆ. ರಾಜ್ಯ ನಮ್ಮದು!

ಹಳೇ ಫ್ರಿಜ್‌ನ ಕೆಳಗಡೆ ಒಂದು ಸ್ಟೀಲ್ ಡಬ್ಬಿ. ಒಳಗೆ ಐದು ಟ್ಯೂಬ್. ಐದರಲ್ಲೂ ಒಂದೇ ಥರದ ಹಸಿರು ಪುಡಿ ಬೂಷ್ಟು. ಮೇಲೆ ಹಳದಿ ಬಿದ್ದ ಟೇಪು, ಬರೀ ನಂಬರ್. ಐದು ಜೀವ, ಹೆಸರಿಲ್ಲ! ಇದು ಧರ್ಮವೇ?

ಟೇಪು ಕಿತ್ತು ನಾಮಕರಣ ಮಾಡಿದೆ. ಪಕ್ಕದ ಬೆಂಚಿನ ಹೇಮಶ್ರೀ ಕರ್ಚೀಫಲ್ಲಿ ತೊಟ್ಟಿಲು ಕಟ್ಟಿ ತೂಗಿದಳು. ಬೂಷ್ಟರಾಯ. ಪಚ್ಚೆಯಪ್ಪ. ಪುಡಿರಾಜ. ಧೂಳೇಶ. ಹಸಿರಮ್ಮಣ್ಣಿ.

"ಸರ್ ಬಂದು ಒದೀತಾರೆ ಕಣೋ" ಅಂದಳು, ಕಣ್ಣಲ್ಲಿ ನೀರು ಬರೋ ಹಾಗೆ ನಗ್ತಾ.

೧೦ ಮಾರ್ಚ್

ಒದ್ದಿದ್ದರೆ ಚೆನ್ನಾಗಿತ್ತು.

ಸರ್ ಡಬ್ಬಿ ತೆಗೆದರು. ನೋಡಿದರು. ಸ್ಟೂಲ್ ಮೇಲೆ ಕೂತುಬಿಟ್ಟರು. ಐದೂ ಟ್ಯೂಬನ್ನು ಒಂದೊಂದಾಗಿ ತಿರುಗಿಸಿ ನೋಡಿದರು.

"ಇದ್ರಲ್ಲಿ ಒಂದು ನನ್ನ ಮಗಳದ್ದು ಕಣೋ."

ಮಗಳು ಇದ್ದಳು ಅಂತಲೇ ಗೊತ್ತಿರಲಿಲ್ಲ ನಂಗೆ. ಭೂಮಿಕಾ. ೨೦೨೧. ಕೋವಿಡ್ ಆದ ಮೇಲೆ ಮೂಗಿಗೆ ಬೂಷ್ಟು ಹತ್ತಿತ್ತು. ಆಗ ಲ್ಯಾಬಿಗೆ ದಿನಕ್ಕೆ ಎಂಬತ್ತು ಸ್ಯಾಂಪಲ್. "ಫಂಗಸ್ ಇದೆ ಅಂತ ಮಾತ್ರ ಬರ್ದೆ. ಯಾವ ಜಾತಿ ಅಂತ ನೋಡಕ್ಕೆ ಟೈಮಿರ್ಲಿಲ್ಲ. ಸಹಿ ನಂದೇ. ಡಾಕ್ಟ್ರು ಅಂದಾಜಿನ ಮೇಲೆ ಔಷಧಿ ಕೊಟ್ರು. ಹನ್ನೊಂದು ದಿನ ಇದ್ಲು."

ಆ ಬೂಷ್ಟನ್ನು ನಾಲ್ಕು ವರ್ಷದಿಂದ ಸಾಕ್ತಿದಾರೆ. ಮೂರು ತಿಂಗಳಿಗೊಂದು ಸಲ ಹೊಸ ಟ್ಯೂಬಿಗೆ ದಾಟಿಸಿ, ಹೊಸ ಊಟ ಹಾಕಿ. ಉಳಿದ ನಾಲ್ಕು, ಅದೇ ವಾರ ತೀರಿಹೋದ ಬೇರೆಯವರದ್ದು. ಈಗ ಉತ್ತರದ ಕಡೆಯ ದೊಡ್ಡ ಲ್ಯಾಬೊಂದು ಒಂದೇ ಒಂದನ್ನು ಡಿಎನ್‌ಎ ನೋಡಿ ಹೆಸರು ಹೇಳ್ತೀವಿ ಅಂದಿದೆಯಂತೆ, ಇವರ ಹಳೇ ಸ್ನೇಹಿತರ ಮಾತಿಗೆ.

"ನಾನು ಹೆಸರು ಬರ್ದಿದ್ರೆ ಔಷಧಿ ಬದಲಾಗ್ತಿತ್ತಾ? ಅದೊಂದು ಗೊತ್ತಾದ್ರೆ ಸಾಕು. ಯಾವ್ದೋ ಅದು? ನಂಬರ್ ನಾಲ್ಕು ಸೊನ್ನೆ ಏಳು?"

ಹಸಿರಮ್ಮಣ್ಣಿಯನ್ನು ತೋರಿಸಿದೆ. ಗಟ್ಟಿಯಾಗಿ ಹೇಳಿದೆ. ಸರ್ ನಂಬಿದರು.

೨೪ ಮಾರ್ಚ್

ಹಸಿರಮ್ಮಣ್ಣಿಯಿಂದ ಹೊಸ ಟ್ಯೂಬಿಗೆ ದಾಟಿಸಿದ ಒಂದು ಪಾಲು ಕೊರಿಯರ್‌ನಲ್ಲಿ ಹೋಯ್ತು. ಸರ್ ಟ್ಯೂಬಿಗೆ ಹತ್ತಿ ಸುತ್ತಿದ್ದು ನೋಡಬೇಕಿತ್ತು. ಚಳಿಗೆ ಟೋಪಿ ಹಾಕೋ ಹಾಗೆ.

ಚೀಟಿ ಬರೆಯೋ ಪೆನ್ನು ಡ್ರಾಯರ್‌ಗೆ ಹಾಕಿದೀನಿ. ಹೇಮಶ್ರೀ "ಹುಷಾರಿಲ್ವೇನೋ?" ಅಂತಾಳೆ.

೧೩ ಏಪ್ರಿಲ್, ಭಾನುವಾರ

ಗುಬ್ಬಿ. ಸರ್ ಮನೆ. ಒಂದು ಮಾತು ಹೇಳಿಬಿಡೋಣ ಅಂತ ಹೋದೆ. ಸರ್ ಪೇಟೆಗೆ ಹೋಗಿದ್ದರು. ಅವರ ಹೆಂಡತಿ ಶಕುಂತಲಮ್ಮ ಕಾಫಿ ಕೊಟ್ಟರು.

"ಮೂರ್ ತಿಂಗ್ಳಿಗೊಂದ್ಸಲ ಆ ಹಾಳು ಬೂಷ್ಟಿಗೆ ಊಟ ಹಾಕೋದು ಮರೆಯಲ್ಲ ಕಣಪ್ಪಾ. ಮಗಳ ತಿಥಿ ದಿನ ಮಾತ್ರ ಮನೇಲಿರಲ್ಲ. ಕೇಳಿದ್ರೆ, ಕೊಂದೋನು ಯಾವ ಮುಖ ಇಟ್ಕೊಂಡು ಎಡೆ ಇಡ್ಲಿ ಅಂತಾರೆ."

ಸರ್ ಬಂದರು. "ಏನ್ಲಾ ಬಂದಿದ್ದು?"

"ಸುಮ್ನೆ ಸರ್... ಈ ಕಡೆ ಬಂದಿದ್ದೆ."

೯ ಮೇ, ಶುಕ್ರವಾರ

ರಿಪೋರ್ಟ್ ಬಂತು. ಆಸ್ಪರ್ಜಿಲ್ಲಸ್ ಫ್ಲೇವಸ್. ಹೊಸದೇನಲ್ಲ. ಕಡ್ಲೇಕಾಯಿ, ಕೊಬ್ಬರಿ, ಹೊಲದ ಮಣ್ಣು — ಎಲ್ಲಾ ಕಡೆ ಇರೋದೇ. ಕೆಳಗೆ ಔಷಧಿಗಳ ಪಟ್ಟಿ. ಭೂಮಿಕಾಗೆ ಕೊಟ್ಟಿದ್ದ ಔಷಧಿ ಮುಂದೆ: ಕೆಲಸ ಮಾಡುತ್ತೆ.

ಸರ್ ಮೂರು ಸಲ ಓದಿದರು.

"ಕೊಟ್ಟಿದ್ದು ಸರಿಯಾದ ಔಷಧೀನೇ. ಹೆಸರು ಬರ್ದಿದ್ರೂ ಅದನ್ನೇ ಕೊಡ್ತಿದ್ರು. ಅಲ್ವೇನೋ?"

"ಹೌದು ಸರ್."

"ನನ್ನಿಂದ ಅಲ್ಲ."

"ಅಲ್ಲ ಸರ್."

ಅತ್ತರು. ಆಮೇಲೆ ನಕ್ಕರು. ಎರಡು ವರ್ಷದಲ್ಲಿ ಮೊದಲನೇ ಸಲ. ಹಲ್ಲು ಇಷ್ಟು ಚೆನ್ನಾಗಿದೆ ಅಂತ ಗೊತ್ತೇ ಇರಲಿಲ್ಲ. ದೊಡ್ಡ ಲ್ಯಾಬಿನವರಿಗೆ ಫೋನ್ ಮಾಡಿ, ನಿಮ್ಮತ್ರ ಇರೋದನ್ನೂ ಎಸೆದುಬಿಡಿ ಅಂದರು. ಡಬ್ಬಿ ತಂದು, ಐದೂ ಟ್ಯೂಬನ್ನು ತಾವೇ ಬಿಸಿ ಆವಿಯಲ್ಲಿ ಕ್ರಿಮಿ ಕೊಲ್ಲೋ ಆಟೋಕ್ಲೇವಿಗೆ ಇಟ್ಟು ಬಾಗಿಲು ತಿರುಗಿಸಿದರು. "ಸಾಕು. ಇನ್ನು ಊಟ ಹಾಕಲ್ಲ."

ತಡೀಬೇಕಿತ್ತು. ಆವಿ ಬಿಡೋ ಸದ್ದು ಬರೋವರೆಗೂ ಅಲ್ಲೇ ನಿಂತಿದ್ದೆ. ಐದೂ ಸತ್ತವು.

೧೧ ಜೂನ್, ಬುಧವಾರ

ಭೂಮಿಕಾ ತಿಥಿ. ಈ ವರ್ಷ ಸರ್ ಎಡೆ ಇಡ್ತಾರಂತೆ. ಬೆಳಿಗ್ಗೆ ಶಕುಂತಲಮ್ಮನ ಫೋನ್: "ಬಾರಪ್ಪಾ. ಆ ಟ್ಯೂಬ್ ಯಾವ್ದು ಅಂತ ತೋರಿಸ್ದೆಯಲ್ಲ, ನಿನ್ನಿಂದ್ಲೇ ಕಣಪ್ಪಾ ಇವತ್ತು ಇವ್ರು ಮನೇಲಿರೋದು. ಅವ್ಳಿಗಿಷ್ಟ ಅಂತ ಶಾವಿಗೆ ಪಾಯ್ಸ ಮಾಡಿದೀನಿ."

ಬಸ್ ಸ್ಟ್ಯಾಂಡಲ್ಲಿ ಗುಬ್ಬಿ ಬಸ್ ನಿಂತಿತ್ತು. ಪಕ್ಕದ ಕುಣಿಗಲ್ ಬಸ್ ಹತ್ತಿ ನಮ್ಮೂರಿಗೆ ಬಂದುಬಿಟ್ಟೆ. ಜ್ವರ ಅಂತ ಮೆಸೇಜ್ ಹಾಕಿದೆ. ಸರ್ ಉತ್ತರ: ರೆಸ್ಟ್ ಮಾಡು, ಪಾಯಸ ಎತ್ತಿಟ್ಟಿರ್ತೀವಿ.

ಯಾರೂ ಓದಲ್ಲ ಇದನ್ನ. ಬರೆದೇಬಿಡ್ತೀನಿ. ಅವತ್ತು ಐದು ಟೇಪನ್ನೂ ಒಟ್ಟಿಗೆ ಕಿತ್ತು ಉಂಡೆ ಮಾಡಿ ಎಸೆದಿದ್ದೆ. ನಂಬರ್ ನೋಡಿರಲಿಲ್ಲ. ಸರ್ 'ಮಗಳದ್ದು ಯಾವ್ದೋ' ಅಂದಾಗ... ಐದರಲ್ಲಿ ಹೆಣ್ಣು ಹೆಸರು ಇಟ್ಟಿದ್ದು ಒಂದಕ್ಕೇ. ಅದಕ್ಕೇ ಅದನ್ನ ತೋರಿಸಿಬಿಟ್ಟೆ.