ಸ್ಪ್ರಿಂಗ್ ಡಬ್ಬಿಯೊಳಗಿನ ಅಲೆ

೧೮ ಆಗಸ್ಟ್ ೧೯೬೨, ಶನಿವಾರ. ಹಂಟಿಂಗ್ಟನ್ ಬೀಚ್.

ಹಾಡುವ ಲಾಯ್ಡ್ ಮುನಿಸಿಕೊಂಡು ನಮ್ಮ ಬ್ಯಾಂಡ್ ಬಿಟ್ಟು ಒಂದು ವಾರವಾಯಿತು. ಡಾನ್ಸ್ ಹಾಲಿನ ಒಡತಿ ಲಿಂಡ್‌ಕ್ವಿಸ್ಟ್ ಅಮ್ಮ ಬೆಳಿಗ್ಗೆಯೇ ಹೇಳಿದ್ದರು: "ಬರೀ ಗಿಟಾರ್ ಕೇಳೋಕೆ ಯಾರಪ್ಪಾ ಬರ್ತಾರೆ? ಇವತ್ತು ಜನ ಕುಣೀಲಿಲ್ಲ ಅಂದ್ರೆ ಮುಂದಿನ ವಾರದಿಂದ ನೀವು ಬೇಡ."

ಲಾಯ್ಡ್ ಹಾಡುತ್ತಿದ್ದ ಸಾಲುಗಳನ್ನೇ ನನ್ನ ಗಿಟಾರಿನ ದಪ್ಪ ತಂತಿಗಳ ಮೇಲೆ ನುಡಿಸಿದೆ. ಕುಣಿದರು! ಸಮುದ್ರದಿಂದ ನೇರ ಬಂದ ಸರ್ಫಿಂಗ್ ಹುಡುಗರು ಒಟ್ಟಾಗಿ ಕಾಲು ಅಪ್ಪಳಿಸಿದ್ದಕ್ಕೆ ಹಲಗೆಯ ನೆಲವೇ ಜಿಗಿಯಿತು. ಗಿಟಾರ್‌ಗೆ ಬಾವಿಯೊಳಗಿನಂಥ ಮಾರ್ದನಿ ಕೊಡುವ ಸ್ಪ್ರಿಂಗ್ ಡಬ್ಬಿಯನ್ನು ಕುರ್ಚಿಯ ಮೇಲಿಡದೆ ನೆಲದ ಮೇಲಿಟ್ಟಿದ್ದೆ, ಪೆದ್ದ ನಾನು. ಒಳಗಿನ ಸ್ಪ್ರಿಂಗ್‌ಗಳು ಬಡಿದಾಡಿ ಸ್ಪೀಕರ್‌ನಿಂದ ಧಡಾರ್ ಎಂದು ಸದ್ದು. ನಮ್ಮ ಕಥೆ ಮುಗಿಯಿತು ಎಂದುಕೊಂಡೆ.

ಹುಡುಗರು ಕೇಕೆ ಹಾಕಿದರು. ತಲೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದ್ದ ಒಬ್ಬ ವೇದಿಕೆಗೇ ಬಂದ. "ಲೋ, ಅಲೆ ಒಡೆಯೋ ಸದ್ದನ್ನ ಅದರೊಳಗೆ ಹೆಂಗೋ ತುಂಬಿದೆ?"

"ಮೂರು ತಿಂಗಳ ತಾಲೀಮು ಕಣೋ," ಎಂದೆ, ನಗು ತಡೆದುಕೊಂಡು. ಹಿಂದೆ ಡ್ರಮ್ ಬಾರಿಸುವ ಆರ್ವಿಲ್ ಜೋರಾಗಿ ಕೆಮ್ಮಿದ.

ಮುಂದಿನ ಹಾಡಿಗೆ ಡಬ್ಬಿಯನ್ನು ನಾನೇ ಒದ್ದೆ. ಲಿಂಡ್‌ಕ್ವಿಸ್ಟ್ ಅಮ್ಮ ಮುಂದಿನ ಶನಿವಾರವೂ ಬರಹೇಳಿದ್ದಾರೆ. ಕಾಲಿನ ಹೆಬ್ಬೆರಳು ಊದಿಕೊಂಡಿದೆ. ನಾಳೆಯಿಂದ ನಿಜವಾಗಿಯೂ ತಾಲೀಮು: ಎಡಗಾಲಲ್ಲಿ ಒದೆಯುವುದೋ, ಬಲಗಾಲಲ್ಲೋ...