ತೊಳೆದಿಟ್ಟ ಸೌತೆಕಾಯಿ

ರೀ,

ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿದ್ದ ಸೌತೆಕಾಯಿ ತಿನ್ನೋದಕ್ಕಲ್ಲ, ನಮ್ಮ ಲ್ಯಾಬಿನ ಪರೀಕ್ಷೆಗೆ ತಂದಿದ್ದು. ಆಂಟಿಬಯೋಟಿಕ್‌ಗೂ ಜಗ್ಗದ ಬ್ಯಾಕ್ಟೀರಿಯಾ ಅದರ ಸಿಪ್ಪೆ ಮೇಲಿದೆಯಾ ಅಂತ ನೋಡಬೇಕಿತ್ತು. ಮದುವೆಯಾದಾಗಿನಿಂದ ಒಂದು ಟೊಮೆಟೊ ಕೂಡ ತೊಳೆಯದ ನೀವು, ನಿನ್ನೆ ಅದನ್ನೇ ಉಜ್ಜಿ ತೊಳೆದು ಒರೆಸಿಟ್ಟಿದ್ದೀರಿ. ಲ್ಯಾಬಿನಲ್ಲಿ ಇನ್ನು ಅದನ್ನ ಯಾರೂ ಮೂಸಿಯೂ ನೋಡಲ್ಲ. ಮತ್ತೆ ಅದೇ ಅಂಗಡಿಗೆ ಹೋಗಿ, ಮಣ್ಣು ಮೆತ್ತಿದ್ದನ್ನೇ ಆರಿಸಿ ತರಬೇಕು.

ತೊಳೆದ ಮಾತ್ರಕ್ಕೆ ಎಲ್ಲಾ ಸತ್ತಿರಲ್ಲ. ಅತ್ತೆಗೆ ಹಸಿಯಾಗಿ ಕೊಡಬೇಡಿ. ಸಿಪ್ಪೆ ತೆಗೆದು ಬೇಯಿಸಿ.

ಬೈಯೋಣ ಅಂತಲೇ ಪೆನ್ನು ಹಿಡಿದಿದ್ದೆ. ಅಷ್ಟರಲ್ಲಿ ಅತ್ತೆ, "ಅವನೇ ತೊಳೆದನಾ, ನನಗೋಸ್ಕರ?" ಅಂತ ಎರಡು ಸಲ ಕೇಳಿದರು. ಆಸ್ಪತ್ರೆಯಿಂದ ಬಂದಮೇಲೆ ಅವರು ನಕ್ಕಿದ್ದು ಇದೇ ಮೊದಲು.

ಇವತ್ತೂ ಏನಾದರೂ ತೊಳೆಯಿರಿ. ಅವರಿಗೆ ಕಾಣೋ ಹಾಗೆ.