ಶಿಷ್ಯನ ಪ್ರಬಂಧದ ಬೀಗ

ಗ್ರಂಥಪಾಲಕಿಯವರಿಗೆ,

ನನ್ನ ಶಿಷ್ಯನ ಸಂಶೋಧನಾ ಪ್ರಬಂಧವನ್ನು ಇವತ್ತೇ ಜಾಲತಾಣದಲ್ಲಿ ಎಲ್ಲರಿಗೂ ತೆರೆದುಬಿಡಿ. ಅದೇ ವಿಷಯದ ನನ್ನ ಪುಸ್ತಕ ಮೊದಲು ಬರಲಿ ಎಂದು ಒಂಬತ್ತು ವರ್ಷ ಅದಕ್ಕೆ ಬೀಗ ಹಾಕಿಸಿದವನು ನಾನೇ. ಪುಸ್ತಕ ಮುನ್ನುಡಿಯನ್ನೂ ದಾಟಲಿಲ್ಲ. ತಾನೂ ತಿನ್ನ, ಪರರಿಗೂ ಕೊಡ ಎಂಬಂತಾಯಿತು. ಓದುಗರ ಕೋರಿಕೆ ಬಂದಾಗಲೆಲ್ಲ ಹೆಸರನ್ನೂ ನೋಡದೆ ‘ನಿರಾಕರಿಸಿ’ ಒತ್ತಿದೆ.

ನಿನ್ನೆ ನೀವು ಫೋನಿನಲ್ಲಿ, “ಸರ್, ನೀವು ನಿರಾಕರಿಸಿದ ಕೋರಿಕೆಗಳ ಪಟ್ಟೀಲಿ ಮೂರನೇ ಹೆಸರು ನೋಡಿದ್ರಾ?” ಎಂದಾಗಲೇ ನೋಡಿದ್ದು. ಅದು ಆ ಶಿಷ್ಯನದೇ. ‘ಮನೆ ಬದಲಿಸುವಾಗ ನನ್ನ ಪ್ರತಿ ಕಳೆದುಹೋಯಿತು’ ಎಂದು ಕಾರಣ ಬರೆದಿದ್ದಾನೆ.

ಒಂದು ಪ್ರತಿ ಬೈಂಡ್ ಮಾಡಿಸಿ ಅವನಿಗೆ ಕಳಿಸಿ. ವಿಳಾಸ ಆ ಕೋರಿಕೆಯಲ್ಲೇ ಇದೆ, ನನ್ನ ಬಳಿ ಇಲ್ಲ. ಪ್ರಬಂಧವನ್ನು ಅವನು ಅರ್ಪಿಸಿರುವುದು ನನಗೆ. ಆ ಪುಟ ಇರಲೋ ಬೇಡವೋ ಎಂದು ದಯವಿಟ್ಟು ಅವನನ್ನೇ ಕೇಳಿ.

ಇಂತಿ,
ಅವನ ಮಾರ್ಗದರ್ಶಕನಾಗಿದ್ದವನು